ಮಕ್ಕಳ ಏರ್ ರೈಫಲ್ ಹಗುರ ಮಾಡುವುದು, ಮೈಗೆ ಹೊಂದಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಮಗು ಶೂಟಿಂಗ್ ರೇಂಜಿಗೆ ಸೇರಿ ಒಂದು ವಾರ ಆಗಿರುವುದಿಲ್ಲ, ಅಪ್ಪ ಅಮ್ಮ ಬಂದು ಕೇಳುತ್ತಾರೆ: "ಸರ್, ಇದಕ್ಕಿಂತ ಹಗುರದ್ದು ಸಿಗಲ್ವಾ? ಪ್ಲಾಸ್ಟಿಕ್ ಬಾಡಿದು ಬಂದಿದೆಯಂತಲ್ಲ?" ನಾನು ಮಕ್ಕಳಿಗೆ 10 ಮೀಟರ್ ಏರ್ ರೈಫಲ್ ಹೇಳಿಕೊಡುತ್ತೇನೆ. ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಇಲ್ಲ. ಅದರ ಬೆನ್ನಿಗೇ ಇನ್ನೂ ಹತ್ತು ಪ್ರಶ್ನೆ ಬರುತ್ತವೆ. ನಿಂತಲ್ಲೇ ಹೇಳಿದ್ದು ಮನೆಗೆ ಹೋಗುವಷ್ಟರಲ್ಲಿ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ಇಲ್ಲಿ ಹೇಳುತ್ತಿರುವುದು ಯಾವ ರೈಫಲ್ ಬಗ್ಗೆ?

ಕ್ರೀಡೆಗೆ ಬಳಸುವ 4.5 ಮಿಲಿಮೀಟರ್ ಏರ್ ರೈಫಲ್ ಬಗ್ಗೆ ಮಾತ್ರ. ಮದ್ದು ಇಲ್ಲ, ತೋಟಾ ಇಲ್ಲ. ಒತ್ತಿಟ್ಟ ಗಾಳಿ ಒಂದು ಸಣ್ಣ ಸೀಸದ ಪೆಲೆಟ್ಟನ್ನು ತಳ್ಳುತ್ತದೆ, ಅಷ್ಟೇ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಿದ್ದು, 2012ರಲ್ಲಿ ಲಂಡನ್‌ನಲ್ಲಿ ಗಗನ್ ನಾರಂಗ್ ಕಂಚು ಗೆದ್ದಿದ್ದು ಇದೇ ಆಟದಲ್ಲಿ. ನಮ್ಮ ಬೆಂಗಳೂರಿನ ತಿಲೋತ್ತಮಾ ಸೇನ್ 2023ರಲ್ಲಿ ಕೊರಿಯಾದ ಚಾಂಗ್‌ವಾನ್‌ನಲ್ಲಿ ಏಷ್ಯನ್ ಚಾಂಪಿಯನ್‌ಷಿಪ್ ಬೆಳ್ಳಿ ಗೆದ್ದು, ಭಾರತಕ್ಕೆ ಒಲಿಂಪಿಕ್ ಕೋಟಾ, ಅಂದರೆ ಒಲಿಂಪಿಕ್ಸಿನಲ್ಲಿ ಆಡಲು ಒಂದು ಜಾಗ, ತಂದಿದ್ದೂ ಇದರಲ್ಲೇ. ಆಗ ಆ ಹುಡುಗಿಗೆ ಇನ್ನೂ ಹದಿನೈದು ವರ್ಷ.

ಹಗುರ ಇದ್ದಷ್ಟೂ ಮಗುವಿಗೆ ಒಳ್ಳೆಯದಲ್ವಾ?

ಒಂದು ಮಟ್ಟದವರೆಗೆ ಹೌದು. ಆಮೇಲೆ ಅಲ್ಲ.

ಮೊದಲು ಗುರಿ ಎಷ್ಟು ಸಣ್ಣದು ಅಂತ ನೋಡಿ. ಹತ್ತು ಮೀಟರ್ ದೂರದ ಆ ಟಾರ್ಗೆಟ್ಟಿನಲ್ಲಿ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಬಾಲ್ ಪೆನ್ನಿನ ತುದಿಯಷ್ಟು. ಅಲ್ಲಿಂದ ಆಚೆ ಒಂದೊಂದು ರಿಂಗಿಗೂ ಎರಡೂವರೆ ಮಿಲಿಮೀಟರ್ ಅಂತರ. ರೈಫಲ್ ಮೇಲೆ ಗುರಿ ನೋಡಲು ಎರಡು ಸೈಟು ಇರುತ್ತವೆ. ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವೆ ಎಂಬತ್ತು ಸೆಂಟಿಮೀಟರ್ ಇದೆ ಅಂದುಕೊಳ್ಳಿ. ಸೈಟಿನಲ್ಲಿ 0.2 ಮಿಲಿಮೀಟರ್ ತಪ್ಪಿದರೆ ಟಾರ್ಗೆಟ್ಟಿನಲ್ಲಿ ಎರಡೂವರೆ ಮಿಲಿಮೀಟರ್ ತಪ್ಪುತ್ತದೆ. ಅಂದರೆ ಪೂರ್ತಿ ಒಂದು ಅಂಕ ಹೋಯಿತು.

ಈಗ ತೂಕದ ವಿಷಯ. ಖಾಲಿ ಕೊಡ ಹೊತ್ತು ನಡೆದರೆ ಅದು ಸೊಂಟದ ಮೇಲೆ ಅತ್ತಿತ್ತ ಅಲುಗುತ್ತದೆ. ತುಂಬಿದ ಕೊಡ ಅಲುಗುವುದು ಕಡಿಮೆ. ರೈಫಲ್ಲೂ ಹಾಗೇ. ತೀರಾ ಹಗುರ ಆದರೆ ಎದೆಬಡಿತವೂ ಸೈಟಿನಲ್ಲಿ ಕಾಣುತ್ತದೆ, ಉಸಿರು ಬಿಟ್ಟರೂ ರೈಫಲ್ಲಿನ ಮೂತಿ ಅಲ್ಲಾಡುತ್ತದೆ. ಟ್ರಿಗರ್ ಒತ್ತುವಾಗ ಬೆರಳು ಸ್ವಲ್ಪ ಓರೆಯಾದರೂ ಇಡೀ ರೈಫಲ್ ಅದರ ಜೊತೆ ಹೋಗುತ್ತದೆ. ತೂಕ ಇದ್ದರೆ ಅದೇ ನಡುಕ ನಿಧಾನ ಆಗುತ್ತದೆ. ನಿಧಾನವಾದ ನಡುಕವನ್ನು ಮಗು ಕಣ್ಣಲ್ಲಿ ಹಿಡಿಯಬಲ್ಲದು.

ಹಾಗಂತ ತೂಕ ಹೇರುವುದೂ ತಪ್ಪೇ. ದೊಡ್ಡವರ ಪಂದ್ಯದಲ್ಲಿ 60 ಹೊಡೆತ, ಅದಕ್ಕೆ 75 ನಿಮಿಷ. ಜೊತೆಗೆ ಮೊದಲು ಹದಿನೈದು ನಿಮಿಷ ತಯಾರಿ. ಅಷ್ಟೂ ಹೊತ್ತು ಮಗು ಅದನ್ನು ಎತ್ತಿ ಇಳಿಸಿ ಮಾಡಬೇಕು. ತಾಳಲಾರದ ಭಾರ ಕೊಟ್ಟರೆ ಬೆನ್ನು ಹಿಂದಕ್ಕೆ ಬಾಗಿಸಿ ತಡೆದುಕೊಳ್ಳುತ್ತದೆ. ಬೆಳೆಯುವ ಬೆನ್ನುಮೂಳೆಗೆ ಅದು ಕೆಟ್ಟದ್ದು, ಅಂಕಕ್ಕೂ ಕೆಟ್ಟದ್ದು.

ಹಾಗಾದರೆ ಎಷ್ಟು ತೂಕ ಸರಿ?

ಅಂತರರಾಷ್ಟ್ರೀಯ ನಿಯಮದ ಪ್ರಕಾರ ಏರ್ ರೈಫಲ್ 5.5 ಕೆಜಿ ಮೀರಬಾರದು, ಸೈಟೂ ಸೇರಿ. ಕನಿಷ್ಠ ಇಷ್ಟಿರಬೇಕು ಅಂತ ಏನಿಲ್ಲ. ದೊಡ್ಡವರು ಸಾಮಾನ್ಯವಾಗಿ ನಾಲ್ಕೂವರೆಯಿಂದ ಐದು ಕೆಜಿ ಆಸುಪಾಸಿನಲ್ಲಿ ಹೊಡೆಯುತ್ತಾರೆ. ನಾಲ್ಕೂವರೆ ಕೆಜಿಯನ್ನು ಮೂವತ್ತೆರಡು ಕೆಜಿಯ ಹುಡುಗಿಯ ಕೈಗೆ ಕೊಟ್ಟರೆ ಅವಳ ಮೈತೂಕದ ಏಳನೇ ಒಂದು ಭಾಗ ಕೊಟ್ಟ ಹಾಗೆ. ಅಷ್ಟು ಬೇಡ.

ನಾನು ಅಳತೆಪಟ್ಟಿ ಇಟ್ಟುಕೊಂಡಿಲ್ಲ. ಮಗುವಿಗೆ ರೈಫಲ್ ಕೊಟ್ಟು, ಪೆಲೆಟ್ ಹಾಕದೆ ಹತ್ತು ಸಲ ಎತ್ತಿಸುತ್ತೇನೆ. ಪ್ರತಿ ಸಲ ಹತ್ತು ಸೆಕೆಂಡ್ ಹಿಡಿದುಕೊಳ್ಳಬೇಕು. ಹತ್ತನೇ ಸಲವೂ ಸೊಂಟ ಮುಂದಕ್ಕೆ ಬರದೆ, ಭುಜ ಕಿವಿಗೆ ಏರದೆ ಹಿಡಿದರೆ ಆ ತೂಕ ಸರಿ. ಆರನೇ ಸಲಕ್ಕೇ ತುಟಿ ಕಚ್ಚಿದರೆ ಇಳಿಸಬೇಕು. ಹತ್ತು ಹನ್ನೊಂದು ವರ್ಷದ ಹೆಚ್ಚಿನ ಮಕ್ಕಳಿಗೆ ಮೂರರಿಂದ ಮೂರೂವರೆ ಕೆಜಿಯಲ್ಲಿ ಶುರು ಮಾಡಿದರೆ ಚೆನ್ನಾಗಿರುತ್ತದೆ. ಆಮೇಲೆ ಐವತ್ತು, ನೂರು ಗ್ರಾಮಿನ ಬಿಲ್ಲೆಗಳನ್ನು ಸೇರಿಸುತ್ತಾ ಹೋಗಬಹುದು. ಹಗುರ ರೈಫಲ್ಲಿನ ನಿಜವಾದ ಲಾಭ ಅದೇ. ತೂಕ ಎಲ್ಲಿ ಬೇಕೋ ಅಲ್ಲಿ, ಎಷ್ಟು ಬೇಕೋ ಅಷ್ಟು ನಾವೇ ಸೇರಿಸಬಹುದು.

ಎಲ್ಲಿ ಸೇರಿಸಬೇಕು ಅಂದರೆ, ಮೊದಲು ರೈಫಲ್ಲನ್ನು ಒಂದು ಬೆರಳಿನ ಮೇಲೆ ಅಡ್ಡ ಇಟ್ಟು ತಕ್ಕಡಿ ತೂಗಿದ ಹಾಗೆ ನೋಡಿ. ಸಮ ನಿಲ್ಲುವ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ಮಗು ಎಡಗೈ ಇಡುವ ಜಾಗಕ್ಕಿಂತ ಅದು ತುಂಬಾ ಮುಂದೆ ಇದ್ದರೆ ತೋಳು ಸೋಲುತ್ತದೆ. ಹಿಂದೆ ಇದ್ದರೆ ಮೂತಿ ಗಾಳಿಪಟದ ಹಾಗೆ ಮೇಲೇಳುತ್ತದೆ. ಕೈ ಇಡುವ ಜಾಗದಿಂದ ಸ್ವಲ್ಪವೇ ಮುಂದೆ ಇರಲಿ.

ಪಾಲಿಮರ್ ಅಂದರೆ ಸುಮ್ನೆ ಪ್ಲಾಸ್ಟಿಕ್ ತಾನೆ? ಮುರಿಯಲ್ವಾ?

ಪ್ಲಾಸ್ಟಿಕ್ಕೇ. ಆದರೆ ಬಕೆಟ್ ಮಾಡುವ ಪ್ಲಾಸ್ಟಿಕ್ ಅಲ್ಲ. ಬ್ಯಾರೆಲ್ (ನಳಿಕೆ) ಕೂರುವ ರೈಫಲ್ಲಿನ ಮೈಗೆ ಸ್ಟಾಕ್ ಅನ್ನುತ್ತಾರೆ. ಒಳ್ಳೆಯ ಪಾಲಿಮರ್ ಸ್ಟಾಕಿಗೆ ಸಾಮಾನ್ಯವಾಗಿ ಬಳಸುವುದು ನೈಲಾನ್. ಅದರಲ್ಲಿ ಗಾಜಿನ ಎಳೆ ಬೆರೆಸಿದರೆ ಬಾಗುವುದು ಇನ್ನೂ ಕಡಿಮೆ.

ಇದು ಹೊಸ ವಿದ್ಯೆಯೂ ಅಲ್ಲ. ಅಮೆರಿಕದ ರೆಮಿಂಗ್ಟನ್ ಕಂಪನಿ 1959ರಲ್ಲೇ 'ನೈಲಾನ್ 66' ಅನ್ನುವ, ತೋಟಾ ಹಾಕುವ ಪಾಯಿಂಟ್ 22 ರೈಫಲ್ ತಂದಿತು. ಆ ಕಂಪನಿ ಆಗ ನೈಲಾನ್ ಕಂಡುಹಿಡಿದ ಡ್ಯುಪಾಂಟ್ ಕೈಯಲ್ಲಿತ್ತು, ಹಾಗಾಗಿ ಸಾಮಾನಿಗೆ ಬರ ಇರಲಿಲ್ಲ. ಸ್ಟಾಕು ಪೂರ್ತಿ ನೈಲಾನ್, ಒಟ್ಟು ತೂಕ ಎರಡು ಕೆಜಿಗೂ ಕಡಿಮೆ. ಜನ ಮೊದಲು ನಂಬಲಿಲ್ಲ. ಅದೇ ವರ್ಷ ಟಾಮ್ ಫ್ರೈ ಅನ್ನುವ ಗುರಿಕಾರ ಇದೇ ಮಾದರಿಯ ರೈಫಲ್‌ಗಳನ್ನು ಹಿಡಿದು, ಗಾಳಿಗೆ ಎಸೆದ 1,00,010 ಮರದ ತುಂಡುಗಳಿಗೆ ಹೊಡೆದ. ತಪ್ಪಿದ್ದು ಆರು. ಆಮೇಲೆ ಆ ರೈಫಲ್ ಹತ್ತು ಲಕ್ಷಕ್ಕೂ ಜಾಸ್ತಿ ಮಾರಾಟವಾಯಿತು.

ಅದಕ್ಕೇ ಪ್ಲಾಸ್ಟಿಕ್ ಅಂತ ಮೂಗು ಮುರಿಯಬೇಡಿ. ಪಾಲಿಮರ್ ಅನ್ನುವ ಹೆಸರು ಕೇಳಿ ಹಣ ಚೆಲ್ಲಲೂ ಬೇಡಿ. ಸ್ಟಾಕನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ತಿರುಚಿ ನೋಡಿ. ಕಿರ್ ಅಂದರೆ, ಬ್ಯಾರೆಲ್ಲಿಗೆ ತಾಗಿದರೆ, ಬಿಟ್ಟುಬಿಡಿ.

ಮರದ ಸ್ಟಾಕೇ ಚೆನ್ನ ಅಂತ ಹಳಬರು ಹೇಳುತ್ತಾರಲ್ಲ?

ಮರಕ್ಕೆ ಅದರದೇ ಗುಣ ಇದೆ. ಕೆನ್ನೆಗೆ ಹಿತ, ಬೆವರಿದ ಕೈಯಲ್ಲಿ ಜಾರುವುದಿಲ್ಲ, ಉಜ್ಜಿ ಆಕಾರ ಕೊಡಬಹುದು. ನನ್ನ ಸ್ವಂತ ರೈಫಲ್ ಮರದ್ದೇ.

ಆದರೆ ಮಡಿಕೇರಿಯಲ್ಲಿ, ಆಗುಂಬೆಯಲ್ಲಿ, ಮಂಗಳೂರಿನಲ್ಲಿ ಮಳೆಗಾಲ ಕಳೆದವರಿಗೆ ಗೊತ್ತು. ಜುಲೈಯಲ್ಲಿ ಬಾಗಿಲು ಹಾಕಲು ಬರುವುದಿಲ್ಲ, ಮರ ಉಬ್ಬಿರುತ್ತದೆ. ಸ್ಟಾಕೂ ಮರವೇ ಅಲ್ವಾ? ಅದು ಕೂದಲೆಳೆಯಷ್ಟು ಉಬ್ಬಿದರೂ ಸ್ಕ್ರೂ ಬಿಗಿತ ಬದಲಾಗುತ್ತದೆ, ಗುರಿ ಸರಿಯುತ್ತದೆ. ಮಗು ತನ್ನದೇ ತಪ್ಪು ಅಂದುಕೊಂಡು ಅಳುತ್ತಾ ಕೂರುತ್ತದೆ. ಪದರ ಪದರವಾಗಿ ಅಂಟಿಸಿದ ಮರದಲ್ಲಿ ಈ ಕಾಟ ಕಡಿಮೆ. ಪಾಲಿಮರ್, ಅಲ್ಯುಮಿನಿಯಂನಲ್ಲಿ ಇನ್ನೂ ಕಡಿಮೆ. ನೈಲಾನ್ ಕೂಡ ಸ್ವಲ್ಪ ತೇವ ಹೀರುತ್ತದೆ, ಆದರೆ ಗುರಿ ಕೆಡಿಸುವಷ್ಟು ಅಲ್ಲ. ಕರಾವಳಿ, ಮಲೆನಾಡಿನ ಮನೆಗಳಿಗೆ ನಾನು ಪಾಲಿಮರ್ ಅಥವಾ ಅಲ್ಯುಮಿನಿಯಂ ಅಂತಲೇ ಹೇಳುತ್ತೇನೆ.

ಯಾವ ಭಾಗ ನಾವೇ ಬದಲಾಯಿಸಬಹುದು? ಯಾವುದನ್ನು ಮುಟ್ಟಬಾರದು?

ಮಗುವಿನ ಮೈಗೆ ತಾಗುವುದೆಲ್ಲ ನಿಮ್ಮ ಕೆಲಸ. ಭುಜಕ್ಕೆ ತಾಗುವ ಬಟ್ ಪ್ಲೇಟ್, ಕೆನ್ನೆಗೆ ತಾಗುವ ಚೀಕ್ ಪೀಸ್, ಬಲಗೈ ಹಿಡಿಯುವ ಗ್ರಿಪ್, ಎಡಗೈ ಮೇಲೆ ಕೂರುವ ಫೋರ್ ಎಂಡ್, ಸೈಟಿನ ಎತ್ತರ, ತೂಕದ ಬಿಲ್ಲೆ.

ಗಾಳಿ ಇರುವ ಕಡೆ ಕೈ ಹಾಕಬೇಡಿ. ಸಿಲಿಂಡರ್, ರೆಗ್ಯುಲೇಟರ್, ವಾಲ್ವ್, ಬ್ಯಾರೆಲ್ ಇವು ಕಂಪನಿ ಕಳಿಸಿದ ಹಾಗೇ ಇರಲಿ. ಟ್ರಿಗರ್ ಬ್ಲೇಡನ್ನು ಹಿಂದೆ ಮುಂದೆ ಸರಿಸಬಹುದು, ಕೈಪಿಡಿಯಲ್ಲಿ ಹೇಳಿದ ಸ್ಕ್ರೂ ತಿರುಗಿಸಬಹುದು. ಒಳಗಿನ ಹಲ್ಲು ಉಜ್ಜಿ "ಮೆದು ಮಾಡಿಕೊಡುತ್ತೇನೆ" ಅನ್ನುವವರ ಹತ್ತಿರ ಹೋಗಬೇಡಿ. ಹಾಗೆ ಉಜ್ಜಿದ ಒಂದು ರೈಫಲ್ ಮೇಜಿನ ಮೇಲೆ ಇಡುವಾಗಲೇ ಹಾರಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೂತಿ ಗುರಿಯ ಕಡೆಗೇ ಇತ್ತು, ಅದರಿಂದ ಬಚಾವಾದೆವು.

ಮೈಗೆ ಹೊಂದಿಸುವುದು ಎಲ್ಲಿಂದ ಶುರು ಮಾಡಬೇಕು?

ಕಾಲಿನಿಂದ. ಎಲ್ಲರೂ ನೇರ ಸೈಟಿಗೆ ಹೋಗುತ್ತಾರೆ, ಅಲ್ಲೇ ಎಡವುವುದು.

ರೈಫಲ್ ಕೆಳಗಿಡಿ. ಮಗು ಕಾಲನ್ನು ಭುಜದಷ್ಟು ಅಗಲಿಸಿ, ಟಾರ್ಗೆಟ್ಟಿಗೆ ಪಕ್ಕೆ ಕೊಟ್ಟು ನಿಲ್ಲಲಿ. ಬಲಗೈಯವರಾದರೆ ಎಡ ಮೊಣಕೈ ಸೊಂಟದ ಮೂಳೆಯ ಮೇಲೆ ಕೂರಬೇಕು. ಕೆಲವು ಮಕ್ಕಳಿಗೆ ಅಲ್ಲಿವರೆಗೆ ಎಟಕುವುದಿಲ್ಲ, ಪಕ್ಕೆಗೆ ಒರಗಿಸಿದರೂ ಆಗುತ್ತದೆ. ರೈಫಲ್ಲಿನ ಭಾರ ಮೂಳೆಯ ಮೇಲೆ ನೇರ ಇಳಿದು ಎಡಗಾಲಿಗೆ ಹೋಗಬೇಕು. ತೋಳಿನ ಬಲದಲ್ಲಿ ಎತ್ತಿ ಹಿಡಿಯುವುದಲ್ಲ.

ಹೀಗೆ ನಿಂತ ಮೇಲೆ ತಲೆ ನೆಟ್ಟಗೆ ಇರಲಿ, ಕನ್ನಡಿ ನೋಡುವ ಹಾಗೆ. ಈಗ ರೈಫಲ್ ತಂದು ಆ ಮೈಗೆ ಜೋಡಿಸಿ. ಮೈಯನ್ನು ರೈಫಲ್ಲಿಗೆ ಬಗ್ಗಿಸುವುದು ಬೇಡ.

ಮೊದಲು ಬಟ್ ಪ್ಲೇಟಿನ ಉದ್ದ. ಬಟ್ಟನ್ನು ಬಲ ಮೊಣಕೈಯ ಮಡಿಕೆಗೆ ಇಟ್ಟರೆ ತೋರುಬೆರಳು ಟ್ರಿಗರ್ ಮುಟ್ಟಬೇಕು. ಇದು ಅಂದಾಜು ಅಷ್ಟೇ. ಶೂಟಿಂಗ್ ಜಾಕೆಟ್ ಹಾಕಿದ ಮೇಲೆ ಇನ್ನೊಂದು ಸಲ ನೋಡಿ, ಜಾಕೆಟ್ಟಿನ ದಪ್ಪ ಸೇರುತ್ತದೆ. ಆಮೇಲೆ ಬಟ್ ಪ್ಲೇಟಿನ ಎತ್ತರ. ತಲೆ ಬಗ್ಗಿಸದೆ ಸೈಟು ಕಣ್ಣಿನ ಮಟ್ಟಕ್ಕೆ ಬರುವವರೆಗೆ ಪ್ಲೇಟನ್ನು ಕೆಳಗಿಳಿಸಿ. ಇಲ್ಲಿ ಎತ್ತರ ಸಾಲದೆ ಇದ್ದಾಗಲೇ ಮಕ್ಕಳು ಕತ್ತು ಮುಂದೆ ಚಾಚಿ ಕೊಕ್ಕರೆ ಥರ ನಿಲ್ಲುವುದು.

ಈಗ ಚೀಕ್ ಪೀಸ್. ಮಗು ಕಣ್ಣು ಮುಚ್ಚಿ ರೈಫಲ್ ಎತ್ತಿ, ಕೆನ್ನೆಯನ್ನು ದಿಂಬಿನ ಮೇಲೆ ಇಟ್ಟ ಹಾಗೆ ಮೆತ್ತಗೆ ಇಡಲಿ. "ಈಗ ಕಣ್ಣು ತೆರಿ" ಅನ್ನಿ. ಹಿಂದಿನ ಸೈಟಿನ ತೂತಿನ ನಡುವೆಯೇ ಮುಂದಿನ ಸೈಟಿನ ರಿಂಗು ಕಂಡರೆ ಸರಿ. ಕೆಳಗೆ, ಮೇಲೆ, ಪಕ್ಕಕ್ಕೆ ಕಂಡರೆ ಅಷ್ಟೇ ದೂರ ಚೀಕ್ ಪೀಸ್ ಸರಿಸಿ. ಮತ್ತೆ ಕಣ್ಣು ಮುಚ್ಚಿಸಿ. ಕಣ್ಣು ತೆರೆದಿದ್ದರೆ ಮಗು ಗೊತ್ತಿಲ್ಲದೆಯೇ ಕತ್ತು ತಿರುಗಿಸಿ ಸರಿ ಮಾಡಿಕೊಳ್ಳುತ್ತದೆ, ನಮಗೆ ತಪ್ಪು ಕಾಣುವುದಿಲ್ಲ. ಮುಚ್ಚಿದ ಕಣ್ಣು ಸುಳ್ಳು ಹೇಳುವುದಿಲ್ಲ.

ಕೊನೆಗೆ ಟ್ರಿಗರ್. ಬೆರಳಿನ ಮೊದಲ ಗೆಣ್ಣಿನ ಮೆತ್ತನೆ ಭಾಗ ಬ್ಲೇಡಿನ ಮೇಲೆ ಇರಬೇಕು. ಬೆರಳು ಸ್ಟಾಕಿಗೆ ತಾಗಬಾರದು, ನಡುವೆ ಒಂದು ಹಾಳೆ ಕಾಗದ ಹೋಗುವಷ್ಟಾದರೂ ಸಂದು ಇರಲಿ.

ಒಂದು ದಿನಕ್ಕೆ ಒಂದೇ ಬದಲಾವಣೆ. ಮಾಡಿದ್ದನ್ನು ಪುಸ್ತಕದಲ್ಲಿ ಬರೆಯಿರಿ: ತಾರೀಕು, ಯಾವ ಭಾಗ, ಎಷ್ಟು ಮಿಲಿಮೀಟರ್. ಸರಿಯುವ ಭಾಗಗಳ ಪಕ್ಕ ಅಳತೆ ಗೀಟು ಇಲ್ಲದಿದ್ದರೆ ಬಿಳಿ ಪೇಂಟಿನಲ್ಲಿ ಸಣ್ಣ ಗೆರೆ ಹಾಕಿ. ಪ್ರಯಾಣದಲ್ಲಿ ಸ್ಕ್ರೂ ಸಡಿಲವಾಗಿ ಪಂದ್ಯದ ಬೆಳಿಗ್ಗೆ ಎಲ್ಲ ಸರಿದಿರುತ್ತದೆ, ಆಗ ಆ ಗೆರೆಯೇ ದೇವರು.

ಮಗು ಎಡಗೈ. ಬಲಗೈ ರೈಫಲ್ಲಿನಲ್ಲೇ ರೂಢಿ ಮಾಡಿಸಬಹುದಾ?

ಮೊದಲು ಕಣ್ಣು ನೋಡಿ. ಎರಡೂ ಅಂಗೈ ಸೇರಿಸಿ ನಡುವೆ ಸಣ್ಣ ಕಿಂಡಿ ಬಿಟ್ಟು, ಅದರಲ್ಲಿ ಗೋಡೆ ಗಡಿಯಾರ ನೋಡಲು ಹೇಳಿ. ಈಗ ಒಂದೊಂದೇ ಕಣ್ಣು ಮುಚ್ಚಲಿ. ಯಾವ ಕಣ್ಣು ಮುಚ್ಚಿದಾಗ ಗಡಿಯಾರ ಮಾಯವಾಗುತ್ತದೋ ಅದೇ ಜೋರಿನ ಕಣ್ಣು. ಕೈ, ಕಣ್ಣು ಎರಡೂ ಎಡವಾದರೆ ಎಡಗೈ ರೈಫಲ್ಲೇ ಕೊಡಿಸಿ. ಈಗ ಎರಡೂ ಕಡೆಗೆ ತಿರುಗಿಸಬಹುದಾದ ಸ್ಟಾಕು, ಗ್ರಿಪ್ಪು ಸಿಗುತ್ತವೆ. ಬಲವಂತವಾಗಿ ಕೈ ಬದಲಾಯಿಸುವುದು ಬೇಡ.

ಗ್ರಿಪ್ ದೊಡ್ಡದಾಗಿದೆ. ಸಣ್ಣ ಕೈಗೆ ಏನು ಮಾಡುವುದು?

ಸಣ್ಣ ಅಳತೆಯ ಗ್ರಿಪ್ ಸಿಗುತ್ತದೆ, ಮೊದಲು ಅದನ್ನು ಕೇಳಿ. ಸಿಗದೆ ಇದ್ದರೆ ಇರುವ ಪಾಲಿಮರ್ ಗ್ರಿಪ್ಪನ್ನು ಕಳಚಿ, ಮರಳು ಕಾಗದದಲ್ಲಿ ಉಜ್ಜಿ ತೆಳ್ಳಗೆ ಮಾಡಬಹುದು. ಒಳಗೆ ಟೊಳ್ಳಾಗಿದ್ದರೆ ಗೋಡೆ ತೂತಾಗದಂತೆ ನೋಡಿಕೊಳ್ಳಿ.

ಅಂಗೈ ಮಧ್ಯೆ ಸಂದು ಬಿಟ್ಟಿದ್ದರೆ ಎಂ-ಸೀಲ್ ಥರದ ಎಪಾಕ್ಸಿ ಮೇಣ ಬಳಸಬಹುದು. ಅದನ್ನು ಕಲಸುವಾಗ ದೊಡ್ಡವರೇ ಕೈಗವಸು ಹಾಕಿಕೊಂಡು ಕಲಸಿ, ಹಸಿ ಮೇಣ ಚರ್ಮಕ್ಕೆ ಒಳ್ಳೆಯದಲ್ಲ. ಗ್ರಿಪ್ಪಿನ ಮೇಲೆ ಹಚ್ಚಿ, ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಆಮೇಲೆ ಮಗು ಹಿಡಿಯಲಿ. ಹಿಡಿಯುವುದು ಸುಮ್ನೆ ಕೂತು ಅಲ್ಲ. ಜಾಕೆಟ್ ಹಾಕಿ, ಗುರಿ ಹಿಡಿದು ನಿಂತ ಭಂಗಿಯಲ್ಲೇ ಹಿಡಿಯಬೇಕು. ಕೂತಾಗ ಮಣಿಕಟ್ಟಿನ ಕೋನವೇ ಬೇರೆ. ರಾತ್ರಿ ಒಣಗಲು ಬಿಟ್ಟು ಬೆಳಿಗ್ಗೆ ಉಜ್ಜಿ ನುಣುಪು ಮಾಡಿ. ಆ ಗ್ರಿಪ್ ಹಿಡಿದ ಕೂಡಲೇ ಮಕ್ಕಳ ಮುಖದಲ್ಲಿ ಒಂದು ನಗು ಬರುತ್ತದೆ. ತಮ್ಮದೇ ಬೆರಳಿನ ಅಚ್ಚು ತಮ್ಮ ಬೆರಳನ್ನು ಕಾಯುತ್ತಾ ಇರುತ್ತದಲ್ಲ, ಅದಕ್ಕೆ.

3ಡಿ ಪ್ರಿಂಟ್ ಮಾಡಿದ ಭಾಗ ಹಾಕಬಹುದಾ?

ಚೀಕ್ ಪೀಸ್, ಗ್ರಿಪ್, ಫೋರ್ ಎಂಡಿನ ಎತ್ತರಿಸುವ ತುಂಡು, ಇವಕ್ಕೆ ಧಾರಾಳವಾಗಿ ಹಾಕಬಹುದು. ಮಗು ಬೆಳೆದ ಹಾಗೆ ಅಳತೆ ಬದಲಿಸಿ ಹೊಸದು ಪ್ರಿಂಟ್ ಮಾಡಿಸಬಹುದು, ಖರ್ಚೂ ಕಡಿಮೆ. ಗಾಳಿಯ ಒತ್ತಡ ತಾಳಬೇಕಾದ ಯಾವ ಭಾಗವನ್ನೂ ಪ್ರಿಂಟ್ ಮಾಡಬಾರದು.

ಯಾವ ಪ್ಲಾಸ್ಟಿಕ್ ಅನ್ನುವುದು ಮುಖ್ಯ. ನನಗೆ ಇದು ಗೊತ್ತಾಗಿದ್ದು ಒಂದು ಏಪ್ರಿಲ್‌ನಲ್ಲಿ. ಪಂದ್ಯಕ್ಕೆ ಬಳ್ಳಾರಿ ಕಡೆ ಹೊರಟಿದ್ದೆವು. ಒಬ್ಬ ಹುಡುಗಿಗೆ ಹೊಸ ಚೀಕ್ ಪೀಸ್ ಪಿಎಲ್‌ಎ ಅನ್ನುವ ಸಾಮಾನಿನಲ್ಲಿ ಪ್ರಿಂಟ್ ಮಾಡಿಸಿಕೊಟ್ಟಿದ್ದೆ. ನೀಲಿ ಬಣ್ಣ, ಅವಳೇ ಆರಿಸಿದ್ದು. ದಾರಿಯಲ್ಲಿ ಊಟಕ್ಕೆ ನಿಲ್ಲಿಸಿದೆವು. ಕಾರು ಬಿಸಿಲಲ್ಲಿತ್ತು, ರೈಫಲ್ ಪೆಟ್ಟಿಗೆ ಹಿಂದಿನ ಗಾಜಿನ ಕೆಳಗೆ ಇತ್ತು. ಸಂಜೆ ತೆಗೆದು ನೋಡಿದರೆ ಚೀಕ್ ಪೀಸ್ ಬಿಸಿಲಿಗಿಟ್ಟ ಹಪ್ಪಳದ ಹಾಗೆ ಒಂದು ಮೂಲೆ ಎತ್ತಿಕೊಂಡಿತ್ತು. ಅವಳು ಏನೂ ಹೇಳಲಿಲ್ಲ, ಬೆರಳಲ್ಲಿ ಅದನ್ನು ಒತ್ತಿ ಒತ್ತಿ ನೋಡುತ್ತಿದ್ದಳು. ಹಳೆಯ ಭಾಗ ಊರಲ್ಲೇ ಬಿಟ್ಟು ಬಂದಿದ್ದೆ. ಮಡಚಿದ ಟವೆಲ್ ತುಂಡನ್ನು ಟೇಪಿನಲ್ಲಿ ಸುತ್ತಿ ಪಂದ್ಯ ಆಡಿಸಿದೆ. ಅದು ಪೂರ್ತಿ ನನ್ನ ತಪ್ಪು.

ಪಿಎಲ್‌ಎ ಅರವತ್ತು ಡಿಗ್ರಿ ಸೆಲ್ಸಿಯಸ್ ಹತ್ತಿರವೇ ಮೆತ್ತಗಾಗುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಅಷ್ಟು ಶಾಖ ಆಗುವುದು ಸುಲಭ. ಎಬಿಎಸ್ ಅನ್ನುವ ಪ್ಲಾಸ್ಟಿಕ್ ನೂರು ಡಿಗ್ರಿ ಹತ್ತಿರದವರೆಗೂ ತಾಳುತ್ತದೆ. ನೈಲಾನ್ ಕೂಡ ನಮ್ಮ ಬಿಸಿಲಿಗೆ ಬಗ್ಗುವುದಿಲ್ಲ. ಅಳತೆ ಪರೀಕ್ಷೆಗೆ ಪಿಎಲ್‌ಎಯಲ್ಲಿ ಒಂದು ಮಾಡಿಸಿ, ಅಳತೆ ಕೂತ ಮೇಲೆ ಎಬಿಎಸ್ ಅಥವಾ ನೈಲಾನ್‌ನಲ್ಲಿ ಮಾಡಿಸಿ. ಹಳೆಯ ಭಾಗವನ್ನು ಎಸೆಯದೆ ಪೆಟ್ಟಿಗೆಯಲ್ಲೇ ಇಟ್ಟುಕೊಳ್ಳಿ.

ಪ್ಲಾಸ್ಟಿಕ್ ಭಾಗದಲ್ಲಿ ಸ್ಕ್ರೂ ಸುಮ್ಮನೆ ತಿರುಗುತ್ತಿದೆ. ಏನು ಮಾಡಲಿ?

ಮರೆ, ಅಂದರೆ ಸ್ಕ್ರೂ ಕಚ್ಚಿಕೊಳ್ಳುವ ಒಳಗಿನ ಸುರುಳಿ ಗೀರು, ಸವೆದು ಹೋಗಿದೆ. ಬಿಗಿ ಮಾಡುವ ಜೋರಿನಲ್ಲಿ ಪ್ಲಾಸ್ಟಿಕ್ಕನ್ನು ಕಬ್ಬಿಣದ ಹಾಗೆ ತಿರುಗಿಸಿದ್ದೀರಿ. ಬಿಸಿ ಮಾಡಿ ಕೂರಿಸುವ ಹಿತ್ತಾಳೆಯ ಒಳಮರೆ ಸಿಗುತ್ತದೆ, ಅದನ್ನು ಹಾಕಿಸಿ. ಸ್ಕ್ರೂ ತಲೆಯ ಕೆಳಗೆ ಅಗಲದ ವಾಷರ್ ಇಡಿ. ಎಲ್ ಕೀಯ ಉದ್ದದ ಕೈ ಹಿಡಿದು ತಿರುಗಿಸುವ ಬದಲು ಗಿಡ್ಡ ಕೈಯನ್ನು ಎರಡು ಬೆರಳಲ್ಲಿ ತಿರುಗಿಸಿ, ಸಾಕು. ಸ್ಕ್ರೂ ಸಡಿಲ ಆಗದಿರಲಿ ಅಂತ ಹಾಕುವ ಅಂಟನ್ನು ಎಬಿಎಸ್, ಪಾಲಿಕಾರ್ಬೊನೇಟ್ ಹತ್ತಿರ ತರಬೇಡಿ, ಬಿರುಕು ಬಿಡುತ್ತದೆ.

ಸಿಲಿಂಡರ್ ಬಗ್ಗೆ ಏನು ನೋಡಬೇಕು?

ಪಂದ್ಯದ ರೈಫಲ್ಲಿನ ಸಿಲಿಂಡರಿನಲ್ಲಿ ಸಾಮಾನ್ಯವಾಗಿ 200 ಬಾರ್ ಒತ್ತಡದ ಗಾಳಿ ತುಂಬುತ್ತಾರೆ. ನಿಮ್ಮ ಕಾರಿನ ಟೈರಿನಲ್ಲಿ ಇರುವುದು ಎರಡು ಚಿಲ್ಲರೆ ಬಾರ್. ಲೆಕ್ಕ ಹಾಕಿ. ಸಿಲಿಂಡರಿನ ಮೇಲೆ ತಯಾರಾದ ತಾರೀಕು ಕೆತ್ತಿರುತ್ತದೆ. ಸಾಮಾನ್ಯವಾಗಿ ಹತ್ತು ವರ್ಷಕ್ಕೆ ಅದರ ಆಯಸ್ಸು ಮುಗಿಯುತ್ತದೆ, ಆಮೇಲೆ ಎಷ್ಟೇ ಹೊಳೆಯುತ್ತಿದ್ದರೂ ಬಳಸಬಾರದು. ಸೆಕೆಂಡ್ ಹ್ಯಾಂಡ್ ರೈಫಲ್ ಕೊಳ್ಳುವವರು ಮೊದಲು ನೋಡಬೇಕಾದ್ದು ಈ ತಾರೀಕು. ಹೊಸ ಸಿಲಿಂಡರಿನ ಬೆಲೆ ಸೇರಿಸಿದರೆ ಎಷ್ಟೋ 'ಅಗ್ಗದ' ರೈಫಲ್ಲುಗಳು ಅಗ್ಗ ಆಗಿರುವುದಿಲ್ಲ.

ಟೆಲಿಸ್ಕೋಪ್ ಹಾಕಿದರೆ ಮಗುವಿಗೆ ಸುಲಭ ಅಲ್ವಾ?

ಪಂದ್ಯದಲ್ಲಿ ಬಿಡುವುದಿಲ್ಲ. ಶಾಲಾ ಮಟ್ಟದಲ್ಲಿ ಓಪನ್ ಸೈಟ್ (ತೆರೆದ ಕಚ್ಚಿನಲ್ಲಿ ಗುರಿ ನೋಡುವುದು), ಪೀಪ್ ಸೈಟ್ (ಸಣ್ಣ ತೂತಿನಲ್ಲಿ ಗುರಿ ನೋಡುವುದು) ಅಂತ ಎರಡು ವಿಭಾಗ ಇರುತ್ತವೆ. ಯಾವುದರಲ್ಲಿ ಆಡಿಸುತ್ತೀರಿ ಅಂತ ಮೊದಲೇ ಕೋಚ್ ಹತ್ತಿರ ಮಾತಾಡಿ, ಅದಕ್ಕೆ ತಕ್ಕ ಸೈಟ್ ಕೊಳ್ಳಿ.

ಲೈಸೆನ್ಸ್ ಬೇಕಾ?

ಬೋರ್, ಅಂದರೆ ಬ್ಯಾರೆಲ್ಲಿನ ಒಳ ಅಗಲ, 4.5 ಮಿಲಿಮೀಟರ್ ಮೀರದೆ, ಮೂತಿಯಲ್ಲಿ ಪೆಲೆಟ್ಟಿನ ಶಕ್ತಿ 20 ಜೂಲ್ ಒಳಗಿದ್ದರೆ ಲೈಸೆನ್ಸ್ ಬೇಡ. ಪಂದ್ಯದ ಏರ್ ರೈಫಲ್ ಸುಮಾರು ಏಳೂವರೆ ಜೂಲಿನಷ್ಟೇ. ಅಂಗಡಿಯಲ್ಲಿ ಗುರುತಿನ ಚೀಟಿ, ವಿಳಾಸದ ದಾಖಲೆ ಕೇಳುತ್ತಾರೆ, ಕೊಡಿ. ಬಿಲ್ಲಿನ ಒಂದು ಪ್ರತಿ ಸದಾ ರೈಫಲ್ ಪೆಟ್ಟಿಗೆಯಲ್ಲಿರಲಿ. ಬಸ್ಸು, ರೈಲಿನಲ್ಲಿ ಹೋಗುವಾಗ ಪಂದ್ಯದ ಪತ್ರವೂ ಜೊತೆಗಿರಲಿ.

"ಸ್ಪ್ರಿಂಗ್ ಬದಲಾಯಿಸಿ ಪವರ್ ಜಾಸ್ತಿ ಮಾಡಿಕೊಡುತ್ತೇವೆ" ಅನ್ನುವವರು ಇದ್ದಾರೆ. ಕಾನೂನಿನ ಗೆರೆ ದಾಟುತ್ತೀರಿ, ಗುರಿಯೂ ಹಾಳಾಗುತ್ತದೆ. ಹತ್ತು ಮೀಟರಿಗೆ ಪವರ್ ಬೇಕಾಗಿಯೇ ಇಲ್ಲ. ಏಳೂವರೆ ಜೂಲ್ ಅಂದರೆ ಆಟಿಕೆ ಅಂತಲೂ ಅಲ್ಲ. ಕಣ್ಣಿಗೆ ತಾಗಿದರೆ ಕಣ್ಣು ಹೋಗುತ್ತದೆ. ಅಂಗಳದ ಪಾರಿವಾಳ, ಗಿಳಿ, ಅಳಿಲಿನ ಮೇಲೆ ಹೊಡೆಯುವುದು ಕ್ರೂರ ಕೆಲಸ. ಕಾಡುಪ್ರಾಣಿ, ಹಕ್ಕಿಗಳ ವಿಷಯದಲ್ಲಿ 1972ರ ವನ್ಯಜೀವಿ ಕಾಯ್ದೆಯ ಕೆಳಗೆ ಅಪರಾಧ ಕೂಡ. ನನ್ನ ರೇಂಜಿನಲ್ಲಿ ಒಂದು ಸಲ ಹಾಗೆ ಮಾಡಿದ ಮಗುವಿಗೆ ಮತ್ತೆ ರೈಫಲ್ ಕೊಡುವುದಿಲ್ಲ.

ಪಾಲಿಮರ್ ಭಾಗ ತರಿಸಿ ಮನೆಯಲ್ಲೇ ನಿಜವಾದ ರೈಫಲ್ ಜೋಡಿಸುತ್ತಾರಂತಲ್ಲ?

ಅಮೆರಿಕದ ವಿಡಿಯೊ ನೋಡಿದ ಹದಿನಾರು ಹದಿನೇಳರ ಹುಡುಗರು ಇದನ್ನು ಕೇಳುತ್ತಾರೆ. ಅಲ್ಲಿನ ಕಾನೂನು ಬೇರೆ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ಬಂದೂಕು ತಯಾರಿಸುವಂತಿಲ್ಲ. 2019ರ ತಿದ್ದುಪಡಿ ಆದ ಮೇಲೆ ಅದಕ್ಕೆ ಕನಿಷ್ಠ ಏಳು ವರ್ಷ ಜೈಲು, ಜೀವಾವಧಿವರೆಗೂ ಹೋಗಬಹುದು. ಪ್ರಿಂಟ್ ಮಾಡಿದ್ದು, ಬರೀ ನೋಡುವುದಕ್ಕೆ ಮಾಡಿದ್ದು ಅಂದರೆ ಕೇಳುವವರಿಲ್ಲ. ಮೇಲಾಗಿ, ತೋಟಾದ ಒತ್ತಡಕ್ಕೆ ಮನೆಯಲ್ಲಿ ಮಾಡಿದ ಭಾಗ ಸಿಡಿದರೆ ಮೊದಲು ಹೋಗುವುದು ಹಿಡಿದವನ ಬೆರಳು, ಮುಖ. ಕೈಕೆಲಸದ ಆಸೆ ಇರುವ ಹುಡುಗರಿಗೆ ನಾನು ಗ್ರಿಪ್ ಉಜ್ಜುವ, ಚೀಕ್ ಪೀಸ್ ವಿನ್ಯಾಸ ಮಾಡುವ ಕೆಲಸ ಕೊಡುತ್ತೇನೆ. ಅವರ ಕೈಗೆ ಅದು ಬೇಕಾದಷ್ಟು ಕೆಲಸ.

ಕೊಡಗಿನವರಿಗೆ ಲೈಸೆನ್ಸ್ ಬೇಡವಂತಲ್ಲ?

ಕೊಡವರಿಗೆ, ಜಮ್ಮಾ ಅನ್ನುವ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸಿನಿಂದ ವಿನಾಯಿತಿ ಇದೆ, ನಿಜ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಕರ್ನಾಟಕ ಹೈಕೋರ್ಟು 2021ರಲ್ಲಿ ಎತ್ತಿ ಹಿಡಿದಿದೆ. ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ಕೋವಿಗೆ ತೋಕ್ ಪೂ ಅನ್ನುವ ಹೂವು ಇಟ್ಟು ಪೂಜೆ ಮಾಡಿ, ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ನೋಡಿದವರಿಗೆ ಆ ಗೌರವ ಏನು ಅಂತ ಗೊತ್ತು. ಆದರೆ ವಿನಾಯಿತಿ ಇರುವುದು ಇಟ್ಟುಕೊಳ್ಳುವುದಕ್ಕೆ. ತಯಾರಿಸುವುದಕ್ಕಲ್ಲ.

ಈಗಲೇ ವಿದೇಶಿ ರೈಫಲ್ ಕೊಡಿಸಬೇಕಾ?

ಬೇಡ. ವಾಲ್ಥರ್, ಫೈನ್‌ವೆರ್ಕ್‌ಬೌ, ಆನ್‌ಷುಟ್ಸ್, ಸ್ಟೈರ್ ಎಲ್ಲ ಒಳ್ಳೆಯವೇ, ಆದರೆ ಬೆಲೆ ಲಕ್ಷಗಳಲ್ಲಿ. ಮೊದಲ ಆರು ತಿಂಗಳು ರೇಂಜಿನ ರೈಫಲ್ ಸಾಕು. ನಮ್ಮ ದೇಶದಲ್ಲೇ ಪ್ರೆಸಿಹೋಲ್ ಥರದ ಕಂಪನಿಗಳು ಕಲಿಯುವವರಿಗೆ ಆಗುವ ಏರ್ ರೈಫಲ್ ಮಾಡುತ್ತಿವೆ. ಹಣ ಇದ್ದರೆ ಮೊದಲು ಸರಿಯಾದ ಅಳತೆಯ ಜಾಕೆಟ್ಟು, ಶೂ ಕೊಡಿಸಿ. ರೈಫಲ್ ಕೊಳ್ಳುವಾಗ ಸರಿಸುವ ಅವಕಾಶ ಎಷ್ಟಿದೆ ನೋಡಿ. ಬಟ್ ಪ್ಲೇಟ್ ನಾಲ್ಕೈದು ಸೆಂಟಿಮೀಟರ್ ಉದ್ದ ಆಗುವಂತಿದ್ದರೆ ಮಗು ಬೆಳೆದರೂ ಕೆಲವು ವರ್ಷ ಬರುತ್ತದೆ.

ಸ್ವಚ್ಛ ಮಾಡುವುದು ಹೇಗೆ?

ಪಾಲಿಮರ್ ಭಾಗಕ್ಕೆ ಸೋಪಿನ ನೀರಲ್ಲಿ ಹಿಂಡಿದ ಬಟ್ಟೆ, ಆಮೇಲೆ ಒಣ ಬಟ್ಟೆ. ಥಿನ್ನರ್, ಪೆಟ್ರೋಲ್, ಉಗುರು ಬಣ್ಣ ತೆಗೆಯುವ ದ್ರವ ಬೇಡವೇ ಬೇಡ. ಚೀಕ್ ಪೀಸ್ ಪ್ರತಿದಿನ ಒರೆಸಿ, ಇಲ್ಲದಿದ್ದರೆ ಬೆವರಿಗೆ ಮಕ್ಕಳ ಕೆನ್ನೆಯಲ್ಲಿ ಗುಳ್ಳೆ ಏಳುತ್ತದೆ. ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇರಲಿ. ಬ್ಯಾರೆಲ್ ಖಾಲಿ ಅಂತ ತೋರಿಸುವ ಬಣ್ಣದ ದಾರ ಸದಾ ಒಳಗಿರಲಿ. ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಾಕುವ ಕಿತ್ತಳೆ ಬಣ್ಣದ ನೈಲಾನ್ ದಾರ ಅದಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ.

ಪೆಲೆಟ್ ಸೀಸದ್ದು. ಸೀಸ ಮಕ್ಕಳ ಮೈಗೆ ವಿಷ. ಪೆಲೆಟ್ಟನ್ನು ಬಾಯಲ್ಲಿ ಇಟ್ಟುಕೊಳ್ಳುವ ಚಾಳಿ ಕೆಲವರಿಗೆ ಇರುತ್ತದೆ, ಕಂಡ ಕೂಡಲೇ ಬಿಡಿಸಿ. ರೇಂಜಿನಿಂದ ಹೊರಬಂದ ಮೇಲೆ ಕೈ ತೊಳೆಯದೆ ತಿಂಡಿ ಡಬ್ಬಿ ತೆರೆಯಬಾರದು.

ಎಷ್ಟು ದಿನಕ್ಕೊಮ್ಮೆ ಮತ್ತೆ ಹೊಂದಿಸಬೇಕು?

ಬೆಳೆಯುವ ಮಕ್ಕಳಿಗೆ ಮೂರು ತಿಂಗಳಿಗೊಮ್ಮೆ. ಬೇಸಿಗೆ ರಜೆ ಮುಗಿಸಿ ಬಂದಾಗ ಅಂತೂ ತಪ್ಪದೇ ನೋಡಿ. ಅಜ್ಜಿ ಮನೆಯಿಂದ ಬಂದ ಮಗು ಎರಡು ಸೆಂಟಿಮೀಟರ್ ಎತ್ತರ ಆಗಿರುತ್ತದೆ, ರೈಫಲ್ ಮಾತ್ರ ಏಪ್ರಿಲ್ ಅಳತೆಯಲ್ಲೇ ಇರುತ್ತದೆ. ಗೋಡೆಯ ಮೇಲೆ ಎತ್ತರಕ್ಕೆ ಗೀಟು ಹಾಕುತ್ತೀರಲ್ಲ, ಅದೇ ದಿನ ಬಟ್ ಪ್ಲೇಟನ್ನೂ ನೋಡಿ. ಅಂಕ ಕಾರಣ ಇಲ್ಲದೆ ಇಳಿದರೆ, "ಕತ್ತು ನೋಯ್ತಿದೆ" ಅಂದರೆ, ಮೂರು ತಿಂಗಳು ಕಾಯಬೇಡಿ. ಅದೇ ಸಂಜೆ ಕಣ್ಣು ಮುಚ್ಚಿಸಿ ರೈಫಲ್ ಎತ್ತಿಸಿ.